ಪ್ರಸಾರವಾಗದ ಕೊನೆಯ ಕಂತು ಮತ್ತು ಗಂಗಾ ಅಕ್ಕೋರು

ಕನ್ನಡದ ಪತ್ತೇದಾರಿ ಬರವಣಿಗೆಯ ಹಾದಿಯಲ್ಲಿ ಕೊಲೆಗಾರನ ಹೆಸರನ್ನು ಕೊನೆಯ ಪುಟದವರೆಗೆ ಬಚ್ಚಿಟ್ಟು ಓದುಗರನ್ನು ಕಾಡಿಸಿದವರು ಅನೇಕರು. ಆ ಹೆಸರನ್ನು ಮೊದಲ ನೋಟದಲ್ಲೇ ಎಲ್ಲರೆದುರು ಇಟ್ಟು, ಆಮೇಲೂ ಅವರ ನೆಮ್ಮದಿ ಕೆಡಿಸಿದವರು ವಿರಳ. ಅಂಥ ವಿರಳರಲ್ಲಿ ಒಬ್ಬರು, ಮೂರು ದಶಕಗಳಿಗೂ ಮಿಕ್ಕಿ ಕಿತ್ತೂರು, ರಾಮದುರ್ಗ, ಸವದತ್ತಿ, ಬೈಲಹೊಂಗಲಗಳ ಮಕ್ಕಳಿಗೆ ಕನ್ನಡ ಕಲಿಸಿ, ಈ ವರ್ಷ ಬೈಲಹೊಂಗಲದ ಪದವಿಪೂರ್ವ ಕಾಲೇಜಿನಿಂದ ನಿವೃತ್ತರಾಗುತ್ತಿರುವ ಶ್ರೀಮತಿ ಗಂಗಾ ವೀರಪ್ಪ ತಲ್ಲೂರ ಅವರು. ಸರಕಾರದ ದಫ್ತರದಲ್ಲಿ ಅವರು ಉಪನ್ಯಾಸಕಿ. ಊರವರ ಬಾಯಲ್ಲಿ, ನಮ್ಮ ಕಡೆ ಶಿಕ್ಷಕಿಯರನ್ನು ಕರೆಯುವಂತೆ, ಮೊದಲಿನಿಂದಲೂ ‘ಗಂಗಾ ಅಕ್ಕೋರು’. ಅವರ ಶಿಷ್ಯವರ್ಗದವರಾದ ನಾವೂ ಇಲ್ಲಿ ಅದೇ ಹೆಸರಿನಿಂದ ಅವರನ್ನು ನೆನೆಯುತ್ತೇವೆ.

ಅಕ್ಕೋರು ಹುಟ್ಟಿದ್ದು ಬೈಲಹೊಂಗಲ ತಾಲೂಕಿನ ದೊಡವಾಡದಲ್ಲಿ. ಧಾರವಾಡದ ಬಸ್ಸು ಹತ್ತಿ ಹೋಗಿ ಓದಿ ಬಂದ ಆ ಊರಿನ ಮೊದಲ ಕೆಲವೇ ಹೆಣ್ಣುಮಕ್ಕಳಲ್ಲಿ ಅವರೊಬ್ಬರು. ಕಿತ್ತೂರಿನ ಪ್ರೌಢಶಾಲೆಯಲ್ಲಿ ಸೇವೆ ಆರಂಭಿಸಿ, ರಾಮದುರ್ಗಕ್ಕೆ ವರ್ಗವಾಗಿ, ಅಲ್ಲಿಂದ ಸವದತ್ತಿಗೆ ಬಂದು, ತೊಂಬತ್ತರ ದಶಕದ ನಡುವಿನಲ್ಲಿ ಬೈಲಹೊಂಗಲಕ್ಕೆ ಬಂದು ನಿಂತರು. ಸವದತ್ತಿಯಲ್ಲಿದ್ದಾಗ ದುರ್ಗಾ ಎಂಬ ವಿದ್ಯಾರ್ಥಿನಿಗೆ ಪರೀಕ್ಷೆಯ ನಡುವೆಯೇ ಮದುವೆ ಗೊತ್ತಾಗಿತ್ತು. ಅಕ್ಕೋರು ಬೀಗರ ಮನೆಗೆ ಹೋಗಿ ಜಗಲಿಯ ಮೇಲೆ ಕೂತು, ಮುಹೂರ್ತ ಮುಂದಕ್ಕೆ ಹಾಕುವತನಕ ಚಹಾ ಮುಟ್ಟುವುದಿಲ್ಲವೆಂದು ಹಟ ಹಿಡಿದು, ಕೊನೆಗೆ ಆರಿದ ಚಹಾ ಕುಡಿದು ಗೆದ್ದು ಬಂದರು. ಆ ದುರ್ಗಾ ಇಂದು ಸಂಪಗಾಂವದಲ್ಲಿ ಶಿಕ್ಷಕಿ. ಇಂಥ ಉಪಕಾರಗಳನ್ನು ಈ ಅಭಿನಂದನ ಗ್ರಂಥದ ಬೇರೆ ಲೇಖಕರು ವಿವರವಾಗಿ ಬರೆಯಲಿದ್ದಾರೆ. ಈ ಲೇಖನ, ಅಕ್ಕೋರು ತಾವಾಗಿ ಎಂದೂ ವೇದಿಕೆಯ ಮೇಲೆ ಹೇಳಿಕೊಳ್ಳದ ಒಂದು ಪ್ರಸಂಗವನ್ನು ಹೇಳುತ್ತದೆ.

ಅವರ ಹಳೆಯ ವಿದ್ಯಾರ್ಥಿ ಸಾಗರ, ಬೆಂಗಳೂರಿನಲ್ಲಿ ಕಿರುತೆರೆಯ ಕೆಲಸ ಕಲಿತು, ತನ್ನದೇ ಒಂದು ಧಾರಾವಾಹಿ ಮಾಡಬೇಕೆಂದು ೧೯೯೯ರಲ್ಲಿ ಬೈಲಹೊಂಗಲಕ್ಕೆ ಬಂದ. ಪತ್ತೇದಾರಿ ಕಥೆಯೇ ಬೇಕೆಂದು ವಾಹಿನಿಯವರು ಹೇಳಿದ್ದರು. ಅಕ್ಕೋರು ಆಗಲೇ ವಾರಪತ್ರಿಕೆಗಳಲ್ಲಿ ಕೆಲವು ಪತ್ತೇದಾರಿ ಕಥೆಗಳನ್ನು ಬರೆದಿದ್ದರು. ಸಾಗರನ ಮಾತು ಕೇಳಿ ಅವರೊಂದು ಕಥೆ ಹೆಣೆದರು. ಹತ್ತಿಯ ದಲಾಲಿ ವ್ಯಾಪಾರಿಯೊಬ್ಬ ತನ್ನ ಪಾಲುದಾರನನ್ನು ಗೋದಾಮಿನೊಳಗೆ ಕೂಡಿಹಾಕಿ ಬೆಂಕಿ ಹಚ್ಚುತ್ತಾನೆ; ಹತ್ತಿಗೆ ತಾನಾಗಿ ಬೆಂಕಿ ಬಿತ್ತೆಂದು ಊರನ್ನು ನಂಬಿಸುತ್ತಾನೆ. ಇದೆಲ್ಲ ಮೊದಲ ಕಂತಿನಲ್ಲೇ ಪ್ರೇಕ್ಷಕರ ಕಣ್ಣೆದುರು ನಡೆದುಹೋಗುತ್ತದೆ. ಆಮೇಲೆ ಉಳಿಯುವುದು ಒಬ್ಬ ನಿಧಾನದ ಪೊಲೀಸ್ ಫೌಜದಾರ ಮತ್ತು ಅವನು ಬಂದಾಗಲೆಲ್ಲ ಹೆಚ್ಚೆಚ್ಚು ನಗುವ ಆ ವ್ಯಾಪಾರಿ.

ಸಾಗರನಿಗೆ ದಿಗಿಲಾಯಿತು. ‘ಅಕ್ಕೋರ, ಕೊಲಿಗಾರ ಯಾರಂತ ಮೊದಲ ಹೇಳಿಬಿಟ್ರ ಮಂದಿ ಮುಂದ ಯಾಕ ನೋಡತಾರ್ರಿ?’

‘ನಮ್ಮ ಹಳ್ಳ್ಯಾಗ ಕೊಲಿ ಯಾರು ಮಾಡ್ಯಾರ ಅನ್ನೂದು ಮುಂಜಾನಿ ಚಾ ಕುಡಿಯೂದ್ರಾಗ ಎಲ್ಲಾರಿಗೂ ಗೊತ್ತಾಗಿರತೈತಿ ಸಾಗರ,’ ಅಂದರು ಅಕ್ಕೋರು. ‘ಸಿಗತಾನೋ ಇಲ್ಲೋ ಅನ್ನೂದಷ್ಟ ಗೊತ್ತಿರೂದಿಲ್ಲ. ಆ ಹೆದರಿಕಿನ ನಮ್ಮ ಕತಿ.’

ಧಾರಾವಾಹಿಗೆ ‘ದಲಾಲಿ ಅಂಗಡಿ’ ಎಂದು ಹೆಸರಾಯಿತು. ಠಾಣೆಯ ದೃಶ್ಯಗಳನ್ನು ಕಿತ್ತೂರಿನ ಒಂದು ಹಳೆಯ ವಾಡೆಮನೆಯಲ್ಲಿ, ಪೇಟೆಯ ದೃಶ್ಯಗಳನ್ನು ಬೈಲಹೊಂಗಲದಲ್ಲಿ, ಗೋದಾಮಿನ ದೃಶ್ಯಗಳನ್ನು ಸವದತ್ತಿಯಲ್ಲಿ ಚಿತ್ರೀಕರಿಸಿದರು. ಕೊಲೆಗಾರನ ಪಾತ್ರಕ್ಕೆ ರಾಮದುರ್ಗದ ಮಹಾಂತಪ್ಪ ಸಿಕ್ಕರು. ನಾಟಕ ಕಂಪನಿಗಳಲ್ಲಿ ಅರ್ಧ ಆಯುಷ್ಯ ಕಳೆದ, ದನಿ ಎತ್ತದೆ ಎದುರಿನವನನ್ನು ನಡುಗಿಸಬಲ್ಲ ನಟ ಅವರು. ಗೋದಾಮಿನ ದೃಶ್ಯ ತೆಗೆದ ದಿನ ಅಕ್ಕೋರಿಗೆ ಕಾಲೇಜು ಇತ್ತು, ಹೋಗಲಾಗಲಿಲ್ಲ. ಅವರು ಆ ದೃಶ್ಯ ನೋಡಿದ್ದು ಎಲ್ಲರಂತೆ ಮನೆಯ ಟಿವಿಯಲ್ಲೇ. ಮಹಾಂತಪ್ಪನವರು ಗೋದಾಮಿನ ಬಾಗಿಲೆಳೆದು ಚಿಲಕ ಹಾಕಿದರು. ಹಾಕಿ, ದಿನವೂ ಅಂಗಡಿ ಮುಚ್ಚುವ ವ್ಯಾಪಾರಿ ಮಾಡುವಂತೆ ಎರಡೂ ಕೈಯಿಂದ ಬಾಗಿಲು ಮುಟ್ಟಿ ಕಣ್ಣಿಗೊತ್ತಿಕೊಂಡರು. ಅಕ್ಕೋರು ಅದನ್ನು ಬರೆದಿರಲಿಲ್ಲ. ಅವರ ಬರಹದಲ್ಲಿದ್ದದ್ದು ‘ಚಿಲಕ ಹಾಕುತ್ತಾನೆ’ ಎಂದಷ್ಟೇ. ನಟನ ಜಾಣತನಕ್ಕೆ ಅವರು ಮನಸಾರೆ ತಲೆದೂಗಿದರು. ಪಕ್ಕದಲ್ಲಿ ಕೂತಿದ್ದ ಪತಿ ವೀರಪ್ಪನವರು ಮಾತ್ರ, ‘ಮೈಮ್ಯಾಲ ಮುಳ್ಳು ಎದ್ದೂ ನೋಡು’ ಎಂದು ಎದ್ದು ಕಿಟಕಿ ಹಾಕಿದರು.

ಧಾರಾವಾಹಿ ಹಬ್ಬಿತು. ಸಂತೆಯಲ್ಲಿ, ಬಸ್ ನಿಲ್ದಾಣದಲ್ಲಿ ಜನ ಫೌಜದಾರನಿಗಿಂತ ಮೊದಲೇ ಕೊಲೆಗಾರನ ತಪ್ಪು ಹಿಡಿಯತೊಡಗಿದರು. ಎರಡನೆಯ ಕಂತಿನ ಮರುದಿನ ಕಾಲೇಜಿನ ವರಾಂಡದಲ್ಲಿ ಅಕ್ಕೋರಿಗಾಗಿ ಒಬ್ಬ ಹೆಣ್ಣುಮಗಳು ಕಾದು ಕೂತಿದ್ದಳು. ಹೆಸರು ಯಲ್ಲವ್ವ, ರಾಮದುರ್ಗ ತಾಲೂಕಿನ ಸಾಲಹಳ್ಳಿಯವಳು. ಬಸ್ಸಿನ ಧೂಳು ಇನ್ನೂ ಮುಖದ ಮೇಲಿತ್ತು.

‘ಅಕ್ಕೋರ, ನೀವು ಅವತ್ತ ಅಲ್ಲಿ ಇದ್ರೇನ್ರಿ?’ ಎಂದು ಕೇಳಿದಳು.

‘ಎಲ್ಲಿ ಅವ್ವಾ?’

‘ನಮ್ಮ ಯಜಮಾನ್ರು ಸತ್ತಲ್ಲೆ.’

ಆಕೆಯ ಗಂಡ ಗಂಗಪ್ಪ, ರಾಮದುರ್ಗದ ಹೊರವಲಯದ ಒಂದು ಹತ್ತಿ ಗೋದಾಮಿನಲ್ಲಿ ಹಮಾಲಿ ಮಾಡುತ್ತಿದ್ದ. ಮೂರು ವರ್ಷದ ಹಿಂದೆ ಒಂದು ಅಮಾವಾಸ್ಯೆ, ಪೇಟೆಯೆಲ್ಲ ರಜೆಯಿದ್ದ ದಿನ, ಗೋದಾಮಿಗೆ ಬೆಂಕಿ ಬಿದ್ದು ಒಳಗೇ ಸುಟ್ಟುಹೋದ. ಬಾಗಿಲು ಚಿಲಕವಿಲ್ಲದೆ ಸುಮ್ಮನೆ ಮುಂದೆ ಮಾಡಿತ್ತು, ಬೀಡಿ ಸೇದಿ ಮಲಗಿ ತಾನೇ ಬೆಂಕಿ ತಂದುಕೊಂಡ ಎಂದು ಪಂಚನಾಮೆಯಾಯಿತು. ಮಾಲೀಕ ನೀಲಪ್ಪ ಆ ದಿನ ಬೆಳಗಾವಿಯಲ್ಲಿದ್ದನೆಂದು ಬರೆದುಕೊಂಡರು. ‘ನಮ್ಮ ಯಜಮಾನ್ರು ಬೀಡಿ ಸೇದತಿದ್ದಿಲ್ರಿ,’ ಅಂದಳು ಯಲ್ಲವ್ವ. ‘ಮಳಿಗೆ ತೋಯ್ದು ಕೆಟ್ಟ ಹತ್ತಿ ಇತ್ತರಿ ಒಳಗ. ವಿಮಾ ರೊಕ್ಕ ಬರಲಿ ಅಂತ ನೀಲಪ್ಪನ ಬೆಂಕಿ ಹಚ್ಯಾನ ಅಂತ ಊರಿಗೆಲ್ಲಾ ಗೊತ್ತೈತಿ. ಯಾರೂ ಹೇಳೂದಿಲ್ಲ. ನೀವು ಟೀವ್ಯಾಗ ಹೇಳಾಕತ್ತೀರಿ. ಅದಕ್ಕ ಬಂದೇನ್ರಿ.’

ಇದು ತಾವು ಕೂತು ಕಟ್ಟಿದ ಕಥೆ, ತಮಗೆ ನೀಲಪ್ಪನೂ ಗೊತ್ತಿಲ್ಲ, ಆ ಗೋದಾಮೂ ಗೊತ್ತಿಲ್ಲ ಎಂದು ಅಕ್ಕೋರು ಬಿಡಿಸಿ ಬಿಡಿಸಿ ಹೇಳಿದರು. ಯಲ್ಲವ್ವ ಎಲ್ಲ ಕೇಳಿಸಿಕೊಂಡು, ‘ಆತ್ರಿ. ನಿಮ್ಮವ ಕಡೀಕ ಸಿಗತಾನೇನ್ರಿ?’ ಎಂದು ಕೇಳಿದಳು. ‘ಸಿಗತಾನವ್ವಾ’ ಎಂದಾಗ ಸೆರಗು ಸರಿಮಾಡಿಕೊಂಡು ಬಸ್ಸಿಗೆ ನಡೆದಳು. ಆ ದಿನದ ಉಳಿದ ತರಗತಿಗಳನ್ನು ಅಕ್ಕೋರು ಹೇಗೆ ತೆಗೆದುಕೊಂಡರೋ ಅವರಿಗೇ ನೆನಪಿಲ್ಲ.

ಮುಂದಿನ ರವಿವಾರ ಮುಂಜಾನೆ ಅವರ ಮನೆಯೆದುರು ಒಂದು ಜೀಪು ನಿಂತಿತು. ಬಿಳಿ ಧೋತರ, ಬಿಳಿ ಅಂಗಿಯ, ನಡುವಯಸ್ಸು ದಾಟಿದ ಸೌಮ್ಯ ಮುಖದ ಮನುಷ್ಯ ಇಳಿದು, ಚಪ್ಪಲಿಯನ್ನು ಬಾಗಿಲ ಹೊರಗೆ ಜೋಡಿಸಿಟ್ಟು ಒಳಗೆ ಬಂದ. ಬಜಾರಿನಲ್ಲಿ ಬಟ್ಟೆ-ಅರಿವೆಯ ಅಂಗಡಿ ಇಟ್ಟಿದ್ದ ವೀರಪ್ಪನವರಿಗೆ ಆತ ಯಾರೆಂದು ಕೂಡಲೇ ತಿಳಿಯಿತು. ಅವರ ಕೈಯಲ್ಲಿದ್ದ ಪತ್ರಿಕೆ ಮಡಚಿದ್ದು ಮಡಚಿದಂತೆಯೇ ಉಳಿಯಿತು.

‘ನಾನು ನೀಲಪ್ಪ ಅಂತ್ರಿ, ರಾಮದುರ್ಗದಾಂವ,’ ಎಂದು ಆತ ಕೂತ. ‘ನಿಮ್ಮ ಕತಿ ಭಾಳ ಛಲೋ ಐತ್ರಿ ಅಕ್ಕೋರ. ನಮ್ಮ ಮನ್ಯಾಗ ಹೆಣ್ಣಮಕ್ಕಳು ಅಡಗಿ ಬಿಟ್ಟು ನೋಡತಾರ.’

ಅಕ್ಕೋರು ಚಹಾ ತಂದಿಟ್ಟರು. ಆತ ಬಸಿಗೆ ಸುರುವಿಕೊಂಡು ಆರಿಸಿ ಆರಿಸಿ ಕುಡಿದ. ಧಾರಾವಾಹಿಯ ಬೆಳಕು, ಸಂಗೀತ, ಫೌಜದಾರನ ಮಾತು, ಎಲ್ಲವನ್ನೂ ಹೊಗಳಿದ. ಕೊನೆಗೆ ಬಸಿ ಕೆಳಗಿಟ್ಟು ಕೇಳಿದ: ‘ಕಡೀಕ ಏನಾಗತೈತ್ರಿ?’

‘ಅದನ್ನ ಹೇಳಿದ್ರ ಹೆಂಗ್ರಿ,’ ಎಂದು ಅಕ್ಕೋರು ನಗಲು ಯತ್ನಿಸಿದರು.

‘ಖರೇ, ಖರೇ. ಒಂದ ಮಾತ ಕೇಳಾಕ ಬಂದಿದ್ನಿ. ಬಾಗಲಾ ಹಾಕಿ, ಮುಟ್ಟಿ ಕಣ್ಣಿಗೆ ಹಚ್ಚಿಕೊಂಡನಲ್ರಿ ಅಂವ. ಅದನ್ನ ನಿಮಗ ಯಾರು ಹೇಳಿದ್ರು?’

ಆತ ಪ್ರಶ್ನೆಯನ್ನು ಎಷ್ಟು ಮೃದುವಾಗಿ ಕೇಳಿದನೆಂದರೆ ಅದರ ಅರ್ಥ ಹೊಳೆಯಲು ಅಕ್ಕೋರಿಗೆ ಒಂದು ಕ್ಷಣ ಹಿಡಿಯಿತು. ಹಾಗೆ ಬಾಗಿಲು ಮುಟ್ಟಿದವನು ಈತನೇ. ತಾವು ಬರೆದದ್ದಲ್ಲವೆಂದರೆ ಮಹಾಂತಪ್ಪನವರ ಕಡೆ ಬೆರಳು ತೋರಿದಂತಾಗುತ್ತದೆ. ‘ಯಾರೂ ಇಲ್ರಿ, ನಾನ ಬರದೇನಿ,’ ಎಂದುಬಿಟ್ಟರು. ಶಾಲೆಯ ಮಕ್ಕಳಿಗೆ ಸುಳ್ಳು ಹೇಳಬೇಡಿರೆಂದು ಕಲಿಸಿದ ಬಾಯಿ ಅಂದು ಹೇಳಿದ ಸುಳ್ಳು ಅದೊಂದೇ.

‘ಹೌದೇನ್ರಿ,’ ಎಂದು ನೀಲಪ್ಪ ಎದ್ದ. ವೀರಪ್ಪನವರತ್ತ ತಿರುಗಿ, ‘ಅಂಗಡಿ ಹೆಂಗ ನಡದೈತ್ರಿ?’ ಎಂದು ಕೇಳಿ, ಉತ್ತರಕ್ಕೆ ನಿಲ್ಲದೆ ಹೋದ.

ಆತ ಹೋದ ಮೇಲೆ ಅಕ್ಕೋರು ಕಪ್ಪುಬಸಿ ಎತ್ತಿ ಒಳಗಿಟ್ಟು ಬಂದರು. ಆಮೇಲೆ ವೀರಪ್ಪನವರು, ‘ಇದನ್ನ ಇಲ್ಲಿಗೇ ಬಿಡು. ನಮ್ಮ ಕೈಲೆ ಆಗೂದಲ್ಲ,’ ಎಂದರು. ಅವರು ಹೇಡಿಯಲ್ಲ, ಬಜಾರಿನಲ್ಲಿ ಬದುಕಿದವರಿಗೆ ಬಜಾರಿನ ಬಲ ಗೊತ್ತಿರುತ್ತದೆ. ಅಕ್ಕೋರು ಹೂಂ ಎಂದರು. ಆದರೆ ಮರುದಿನವೇ ರಜೆ ಹಾಕಿ ರಾಮದುರ್ಗದ ಬಸ್ಸು ಹತ್ತಿದರು. ಹಿಂದಿನ ಸೀಟಿನಲ್ಲಿ ಯಾರು ಕೂತಿದ್ದಾರೆಂದು ತಿರುತಿರುಗಿ ನೋಡುತ್ತ ಪ್ರಯಾಣ ಮಾಡಿದ್ದು ಜೀವನದಲ್ಲಿ ಅದೇ ಮೊದಲು ಎಂದು ಅವರು ಮುಂದೊಮ್ಮೆ ನಮಗೆ ಹೇಳಿದ್ದುಂಟು.

ಮಹಾಂತಪ್ಪನವರು ಅಂಗಳದಲ್ಲಿ ಹಳೆಯ ಪರದೆಯೊಂದಕ್ಕೆ ತೇಪೆ ಹಾಕುತ್ತಿದ್ದರು. ಅಕ್ಕೋರ ಮುಖ ನೋಡಿಯೇ ಸೂಜಿ ಕೆಳಗಿಟ್ಟರು.

‘ನಾ ಬರೀಲಾರದ್ದನ್ನ ನೀವು ಯಾಕ ಮಾಡಿದ್ರಿ ಮಹಾಂತಪ್ಪನವರ? ಬಾಗಲಾ ಮುಟ್ಟಿ ಕಣ್ಣಿಗೆ ಹಚ್ಚಿಕೊಂಡದ್ದು?’

ಅವರು ತಡವರಿಸಿದರು. ‘ಮಾಡಬೇಕಂತ ಮಾಡಿಲ್ರಿ. ಚಿಲಕಾ ಹಾಕಿದ ಕೂಡಲೆ ಕೈ ತಾನ ಹೋತು. ನಾ ನೋಡಿದ್ನೆಲ್ರಿ.’

ಆ ಅಮಾವಾಸ್ಯೆಯ ಮಧ್ಯಾಹ್ನ ಅವರು ನಾಟಕದ ತಾಲೀಮಿಗೆ ಗೋದಾಮಿನ ಅಂಗಳ ಕೇಳಲೆಂದು ಹೋಗಿದ್ದರು. ನೀಲಪ್ಪ ಬಾಗಿಲೆಳೆದು, ಚಿಲಕ ಹಾಕಿ, ಕಣ್ಣಿಗೊತ್ತಿಕೊಂಡು ಹಿಂದಿನ ದಾರಿಯಿಂದ ಹೋದದ್ದನ್ನು ದೂರದಿಂದ ಕಂಡು, ಧಣಿ ಅವಸರದಲ್ಲಿದ್ದಾರೆ, ನಾಳೆ ಬಂದರಾಯಿತೆಂದು ಮರಳಿದರು. ಬಜಾರು ಮುಟ್ಟುವಷ್ಟರಲ್ಲಿ ಹೊಗೆ ಎದ್ದಿತ್ತು. ಬಾಗಿಲಿಗೆ ಚಿಲಕವೇ ಇರಲಿಲ್ಲ, ಧಣಿ ಊರಲ್ಲೇ ಇರಲಿಲ್ಲ ಎಂದು ಮರುದಿನ ಕೇಳಿದಾಗ ಅವರಿಗೆ ನಡೆದದ್ದೇನೆಂದು ಅರ್ಥವಾಯಿತು. ‘ಆವಾಗ ಹೇಳಬೇಕಿತ್ರಿ. ಹೇಳಿದ್ರ ಈ ಊರಾಗ ಇರಾಕ ಆಗತಿದ್ದಿಲ್ಲ. ಬಣ್ಣಾ ಹಚ್ಚಿಕೊಂಡಾಗಷ್ಟ ನನಗ ಧೈರ್ಯಾ ಬರತೈತಿ ಅಕ್ಕೋರ.’

ನೀಲಪ್ಪ ಮನೆಗೆ ಬಂದದ್ದನ್ನು ಅಕ್ಕೋರು ಹೇಳಿದರು. ತಾವು ಹೇಳಿದ ಸುಳ್ಳನ್ನೂ ಹೇಳಿದರು. ಪೊಲೀಸರ ಹತ್ತಿರ ಹೋಗಿರೆಂದು ಒತ್ತಾಯಿಸಲಿಲ್ಲ. ಆ ಮನೆಯಲ್ಲಿ ಮದುವೆಗೆ ಬಂದ ಇಬ್ಬರು ಹೆಣ್ಣುಮಕ್ಕಳಿದ್ದರು. ಒಬ್ಬಾಕೆ ಬಾಗಿಲ ಸಂದಿಯಿಂದ ಎಲ್ಲ ಕೇಳುತ್ತಿದ್ದಳು. ಯಲ್ಲವ್ವನ ಹೆಸರನ್ನಷ್ಟೇ ಹೇಳಿ, ಆಕೆ ಇನ್ನೂ ಸಾಲಹಳ್ಳಿಯಲ್ಲೇ ಇದ್ದಾಳೆಂದು ತಿಳಿಸಿ ಎದ್ದರು.

ಮುಂದಿನ ವಾರಗಳ ತಳಮಳವನ್ನು ಅವರ ಜತೆ ಕೆಲಸ ಮಾಡುತ್ತಿದ್ದವರೆಲ್ಲ ಕಂಡಿದ್ದಾರೆ. ಯಾರೋ ಕಾಲೇಜಿನ ದೂರವಾಣಿಗೆ ಕರೆ ಮಾಡಿ, ‘ಗಂಗಾ ಮೇಡಮ್ಮಾರ ಅದಾರೇನ್ರಿ?’ ಎಂದು ಕೇಳಿ, ಅವರು ಬಂದು ರಿಸೀವರ್ ಹಿಡಿದರೆ ಯಾರೂ ಮಾತಾಡುತ್ತಿರಲಿಲ್ಲ. ವೀರಪ್ಪನವರ ಅಂಗಡಿಗೆ ಕಾಯಂ ಬರುತ್ತಿದ್ದ ಗಿರಾಕಿಗಳು ಎದುರಿನ ಅಂಗಡಿ ಹತ್ತಿದರು. ಅಕ್ಕೋರನ್ನು ದೂರದ ತಾಲೂಕಿಗೆ ಎತ್ತಿಹಾಕುತ್ತಾರೆಂಬ ಸುದ್ದಿ ಹಬ್ಬಿತು. ಪಾಠ ಮಾಡುವಾಗ ಹೊರಗೆ ಜೀಪಿನ ಸದ್ದಾದರೆ ಅವರ ಮಾತು ಅರ್ಧಕ್ಕೆ ನಿಂತು, ಸದ್ದು ಸರಿದುಹೋದ ಮೇಲೆ ಮುಂದುವರಿಯುತ್ತಿತ್ತು. ನಾವು ಪುಸ್ತಕದಲ್ಲಿ ಮುಖವಿಟ್ಟು ಕಾಣದವರಂತೆ ಇರುತ್ತಿದ್ದೆವು.

ಅಷ್ಟರಲ್ಲಿ ಬೆಂಗಳೂರಿನಿಂದ ಸಾಗರ ಧಾವಿಸಿ ಬಂದ. ಕೊನೆಯ ಕಂತನ್ನು ಬದಲಿಸಬೇಕೆಂದು ವಾಹಿನಿಯವರು ಪಟ್ಟು ಹಿಡಿದಿದ್ದರು. ಯಾರ ಮೂಲಕ ಯಾರು ಹೇಳಿಸಿದರೋ, ಒಟ್ಟಿನಲ್ಲಿ ಹತ್ತಿಗೆ ಬೆಂಕಿ ತಾನಾಗಿ ಬಿತ್ತೆಂದೂ ವ್ಯಾಪಾರಿ ನಿರ್ದೋಷಿಯೆಂದೂ ಮುಗಿಯಬೇಕು.

‘ಮೊದಲನೇ ಕಂತಿನ್ಯಾಗ ಮಂದಿ ಕಣ್ಣಾರೆ ನೋಡ್ಯಾರಲ್ಲೋ,’ ಅಂದರು ಅಕ್ಕೋರು.

‘ಅದು ಫೌಜದಾರನ ಕನಸು ಅಂತ ಮಾಡ್ರಿ ಅಂತಾರ್ರಿ.’

ಅಕ್ಕೋರು ವಿಚಾರ ಮಾಡಿ ಹೇಳುತ್ತೇನೆಂದರು. ಬರೆದುಕೊಟ್ಟರೆ ಎಲ್ಲ ತಣ್ಣಗಾಗುತ್ತಿತ್ತು. ಅಂಗಡಿ ನಡೆಯುತ್ತಿತ್ತು, ಜೀಪಿನ ಕಾಟ ತಪ್ಪುತ್ತಿತ್ತು. ಒಂದಿಷ್ಟು ಬರೆಯಲು ಕೂತದ್ದೂ ಉಂಟು ಎಂದು ವೀರಪ್ಪನವರು ನೆನೆಯುತ್ತಾರೆ. ಆದರೆ ಆ ಕಂತನ್ನು ಸಾಲಹಳ್ಳಿಯ ಯಾವುದೋ ಪಡಸಾಲೆಯಲ್ಲಿ ನೆಲದ ಮೇಲೆ ಕೂತು ಯಲ್ಲವ್ವ ನೋಡುತ್ತಾಳೆ ಎಂಬ ವಿಚಾರ ಬಂದಾಗಲೆಲ್ಲ ಅವರ ಪೆನ್ನು ನಿಂತಿತು. ಮೂರನೆಯ ದಿನ ‘ನನ್ನ ಕೈಲೆ ಆಗೂದಿಲ್ಲ’ ಎಂದು ಸಾಗರನಿಗೆ ಹೇಳಿಬಿಟ್ಟರು. ವಾಹಿನಿ ಕೊನೆಯ ಕಂತನ್ನು ಪ್ರಸಾರ ಮಾಡಲಿಲ್ಲ. ಆ ಹೊತ್ತಿಗೆ ಟಿವಿಯ ಮುಂದೆ ಕೂತ ಜನ ಹಳೆಯ ಹಾಸ್ಯ ಕಾರ್ಯಕ್ರಮವೊಂದನ್ನು ನೋಡಿ ಎದ್ದುಹೋದರು.

ಆದರೆ ಜನ ಸುಮ್ಮನಾಗಲಿಲ್ಲ. ಸಂತೆಯಲ್ಲಿ, ಸೊಸೈಟಿಯಲ್ಲಿ, ಬಸ್ಸಿನಲ್ಲಿ ಕಂಡಕಂಡಲ್ಲಿ ಅಕ್ಕೋರನ್ನು ತಡೆದು, ಕೊಲೆಗಾರ ಸಿಕ್ಕನೇ ಎಂದು ಕೇಳಿದರು. ಆಗ ಸಾಗರನಿಗೆ ಹೊಳೆಯಿತು: ಕೊನೆಯ ಕಂತನ್ನು ಟಿವಿಯವರು ತೋರಿಸದಿದ್ದರೆ ನಾಟಕ ಮಾಡಿ ನಾವೇ ತೋರಿಸೋಣ. ಮಹಾಂತಪ್ಪನವರು ಒಪ್ಪುವರೆಂದು ಅಕ್ಕೋರು ನಂಬಿರಲಿಲ್ಲ. ಅವರು ಒಪ್ಪಿದರು; ಕೊನೆಯ ಆಟ ರಾಮದುರ್ಗದಲ್ಲೇ ಆಗಬೇಕೆಂದೂ ಹೇಳಿದರು. ಏಕೆಂದು ಯಾರೂ ಕೇಳಲಿಲ್ಲ. ಬೈಲಹೊಂಗಲ, ಕಿತ್ತೂರು, ಸವದತ್ತಿಗಳಲ್ಲಿ ಶಾಲೆಯ ಬಯಲಿನಲ್ಲಿ ಸಂಜೆಯ ಬೆಳಕಿರುವಾಗಲೇ ಆಟ ನಡೆಯಿತು. ಪ್ರತಿ ಊರಿನಲ್ಲೂ ಅಕ್ಕೋರು ಮೊದಲು ನೋಡುತ್ತಿದ್ದದ್ದು ಹಿಂದಿನ ಸಾಲಿನಲ್ಲಿ ನಿಂತವರ ಕೈಯಲ್ಲಿ ಕಲ್ಲೋ ಬಡಿಗೆಯೋ ಇದೆಯೇ ಎಂದು. ವೀರಪ್ಪನವರು ಅಂಗಡಿ ಮುಚ್ಚಿ ಬಂದು ಎಲ್ಲ ಕಡೆಯೂ ಮುಂದಿನ ಸಾಲಿನಲ್ಲಿ ಕೂತರು. ‘ಬ್ಯಾಡ ಅಂದದ್ದು ಖರೇ. ನೀ ಹ್ವಾದ್ಮ್ಯಾಲ ನಾ ಮನ್ಯಾಗ ಕುಂತ ಏನ ಮಾಡಲಿ?’ ಅಂದರು.

ರಾಮದುರ್ಗದಲ್ಲಿ ಬಯಲು ತುಂಬಿತ್ತು. ಯಲ್ಲವ್ವ ಹೆಂಗಸರ ಸಾಲಿನಲ್ಲಿದ್ದಳು. ನೀಲಪ್ಪ ಬಂದಿರಲಿಲ್ಲ, ಆತನ ಜೀಪು ಬಂದಿತ್ತು. ಕಥೆ ಕೊನೆಗೆ ಬಂತು. ವ್ಯಾಪಾರಿ ಫೌಜದಾರನ ಮುಂದೆ ತಲೆತಗ್ಗಿಸಿ ತಪ್ಪೊಪ್ಪಿಕೊಳ್ಳಬೇಕಿದ್ದ ಜಾಗದಲ್ಲಿ ಮಹಾಂತಪ್ಪನವರು ತಡೆದರು. ತಲೆಯ ಮೇಲಿನ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಫೌಜದಾರನ ಪಾತ್ರದ ನಟ ಮಾತು ಮರೆತಿರಬೇಕೆಂದು ಮೆಲ್ಲಗೆ ಸೂಚನೆ ಕೊಟ್ಟ. ಅವರು ಅವನತ್ತ ನೋಡಲಿಲ್ಲ.

‘ಇಲ್ಲಿತನಾ ಅಕ್ಕೋರು ಬರದದ್ದು ಹೇಳಿದ್ನಿ,’ ಎಂದರು ಜನರಿಗೆ. ‘ಇನ್ನ ನಾ ಕಂಡದ್ದು ಹೇಳತೇನಿ. ಯಲ್ಲವ್ವ, ನಿನ್ನ ಗಂಡ ಸತ್ತ ದಿನ ನೀಲಪ್ಪ ಬೆಳಗಾವ್ಯಾಗ ಇದ್ದಿಲ್ಲವ್ವಾ. ಗೋದಾಮಿನ ಮುಂದ ಇದ್ದ. ಬಾಗಲಕ್ಕ ಚಿಲಕಾ ಹಾಕಿದ್ದು ನಾ ನೋಡೇನಿ.’

ಇದೂ ನಾಟಕವೇನೋ ಎಂದು ಕೆಲವರು ಅಕ್ಕಪಕ್ಕ ನೋಡಿದರು. ಜೀಪು ಚಾಲೂ ಆಗಿ ಹೋದ ಸದ್ದು ಎಲ್ಲರಿಗೂ ಕೇಳಿತು. ಅಕ್ಕೋರು ಕೂತಲ್ಲಿಂದ ಎದ್ದು ರಂಗ ಹತ್ತಿ, ಮಹಾಂತಪ್ಪನವರ ಪಕ್ಕದಲ್ಲಿ ನಿಂತರು. ಮರುದಿನ ಮುಂಜಾನೆ ಯಲ್ಲವ್ವನೂ ಸೇರಿ ಮೂವರೂ ಠಾಣೆಗೆ ಹೋದರು. ಬಯಲು ತುಂಬ ಜನ ಕೇಳಿದ ಮಾತನ್ನು ಬರೆದುಕೊಳ್ಳದೆ ಇರುವುದು ಠಾಣೆಯವರಿಂದ ಆಗಲಿಲ್ಲ.

ಹಳೆಯ ಪ್ರಕರಣ ಮತ್ತೆ ತೆರೆದು ಬೆಳಗಾವಿಯ ನ್ಯಾಯಾಲಯದವರೆಗೆ ಬರಲು ಬಹಳ ಕಾಲ ಹಿಡಿಯಿತು. ಆ ಅವಧಿಯಲ್ಲಿ ಅಕ್ಕೋರನ್ನು ಕಾಡಿದ ಭಯ ಬೇರೆಯದೇ. ನೀಲಪ್ಪನ ವಕೀಲರು ಒಂದೇ ವಾದ ಹಿಡಿದಿದ್ದರು: ಈ ಸಾಕ್ಷಿ ನಟ, ಧಾರಾವಾಹಿಯಲ್ಲಿ ತಾನು ಮಾಡಿದ ಪಾತ್ರವನ್ನೇ ಕಂಡದ್ದೆಂದು ಹೇಳುತ್ತಿದ್ದಾನೆ. ಅಂದರೆ ಆ ಕಥೆ ಬರೆಯದಿದ್ದರೆ ಮಹಾಂತಪ್ಪನವರ ಬಾಯಿ ತೆರೆಯುತ್ತಿರಲಿಲ್ಲ. ಬರೆದದ್ದರಿಂದ ಅವರ ಮಾತಿಗೆ ಬೆಲೆಯಿಲ್ಲದಾಗುತ್ತಿತ್ತು. ನ್ಯಾಯ ದೊರಕಿಸಲು ಹೋಗಿ ಇದ್ದೊಬ್ಬ ಸಾಕ್ಷಿಯನ್ನೂ ಕೆಡಿಸಿದೆನೇ ಎಂಬ ಕೊರಗಿನಲ್ಲಿ ಅವರು ಊಟ ಬಿಟ್ಟು ಸೊರಗಿದ್ದನ್ನು ಕಂಡವರಿದ್ದಾರೆ.

ಕಟಕಟೆಯಲ್ಲಿ ವಕೀಲರು ಅವರನ್ನು ಕೇಳಿದರು: ‘ಮೇಡಂ, ನಿಮ್ಮ ಧಾರಾವಾಹಿಯಲ್ಲಿ ಕೊಲೆಗಾರ ಯಾರೆಂದು ಮೊದಲೇ ತೀರ್ಮಾನ ಮಾಡಿಬಿಡುತ್ತೀರಿ, ಅಲ್ಲವೇ?’

‘ಹೌದ್ರಿ. ಕತ್ಯಾಗ ಹಂಗ ಮಾಡಬಹುದು. ಇಲ್ಲಿ ಮಾಡಬಾರದು. ಅದಕ್ಕ ಕೇಳಿದ್ದಕ್ಕ ಅಷ್ಟ ಹೇಳಾಕ ಬಂದೇನಿ.’

ಬಾಗಿಲು ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದನ್ನು ತಾವು ಬರೆದಿರಲಿಲ್ಲವೆಂದು ಹೇಳಿದರು. ನೀಲಪ್ಪನಿಗೆ ತಾವೇ ಬರೆದೆನೆಂದು ಸುಳ್ಳು ಹೇಳಿದ್ದನ್ನೂ ಮುಚ್ಚಿಡಲಿಲ್ಲ. ಒಮ್ಮೆ ಸುಳ್ಳು ಹೇಳಿದವರ ಮಾತು ನಂಬುವುದು ಹೇಗೆಂದು ವಕೀಲರು ನಕ್ಕು ಕೂತರು. ಅಕ್ಕೋರು ಕೆಳಗಿಳಿದಾಗ ಎಲ್ಲ ಕೈಬಿಟ್ಟಿತೆಂದೇ ಅವರಿಗೆ ಅನಿಸಿತ್ತು.

ಆಮೇಲೆ ಕಟಕಟೆಗೆ ಬಂದವನು ಮುದಕಪ್ಪ. ಆ ಗೋದಾಮಿನ ಹಿಂದೆ ನೀಲಪ್ಪನ ಜಾಗದಲ್ಲೇ ಗುಡಿಸಲು ಹಾಕಿಕೊಂಡಿದ್ದ ಮುದುಕ. ಮಹಾಂತಪ್ಪನವರು ಬಯಲಿನಲ್ಲಿ ಆಡಿದ ಮಾತು ಊರೆಲ್ಲ ತಿರುಗಿ ಅವನ ಕಿವಿಗೂ ಬಿದ್ದು, ವಿಚಾರಣೆ ಶುರುವಾದ ಮೇಲೆ ತಾನಾಗಿ ಯಲ್ಲವ್ವನ ಮನೆ ಹುಡುಕಿಕೊಂಡು ಹೋಗಿದ್ದ; ಆದರೂ ಧಣಿಯೆದುರು ಅವನು ಬಾಯಿ ಬಿಟ್ಟಾನೆಂದು ಅಕ್ಕೋರು ನಂಬಿರಲಿಲ್ಲ. ಆ ಮಧ್ಯಾಹ್ನ ಗಂಗಪ್ಪ ‘ಧಣಿ, ಒಳಗ ಒಂದೀಟ ಅಡ್ಡಾಗತೇನ್ರಿ’ ಎಂದದ್ದನ್ನೂ, ‘ಆಗು’ ಎಂದು ನೀಲಪ್ಪ ಉತ್ತರಿಸಿದ್ದನ್ನೂ, ಸ್ವಲ್ಪ ಹೊತ್ತಿಗೆ ಬಾಗಿಲೆಳೆದು ಚಿಲಕ ಹಾಕಿ ಕಣ್ಣಿಗೊತ್ತಿಕೊಂಡದ್ದನ್ನೂ ಅವನು ಹೇಳಿದ. ನೀನೂ ಇದನ್ನು ಧಾರಾವಾಹಿಯಲ್ಲಿ ನೋಡಿದೆಯಲ್ಲವೇ ಎಂದು ವಕೀಲರು ಕೇಳಿದರು.

‘ನಮ್ಮ ಗುಡಸಲದಾಗ ಕರೆಂಟ ಇಲ್ರಿ ಸಾಹೇಬರ,’ ಅಂದ ಮುದಕಪ್ಪ. ‘ಟೀವಿ ಎಲ್ಲಿಂದ ತರಲಿ? ನಾ ನೋಡಿದ್ದು ಅವತ್ತ ಒಮ್ಮಿನ.’

ನೀಲಪ್ಪ ತಪ್ಪಿತಸ್ಥನೆಂದು ತೀರ್ಪಾಯಿತು. ಮೇಲಿನ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ತೀರ್ಪಿನ ದಿನ ಯಲ್ಲವ್ವ ಅಳಲಿಲ್ಲ. ಅಕ್ಕೋರ ಕೈ ಹಿಡಿದುಕೊಂಡು ನ್ಯಾಯಾಲಯದ ಮೆಟ್ಟಿಲ ಮೇಲೆ ಬಹಳ ಹೊತ್ತು ಕೂತಿದ್ದಳು. ಮಹಾಂತಪ್ಪನವರಿಗೆ ಕೆಲವು ಕಾಲ ಯಾವ ಕಂಪನಿಯೂ ಕರೆ ಕಳಿಸಲಿಲ್ಲ. ಆಗ ಅಕ್ಕೋರು ಅವರನ್ನು ಬೈಲಹೊಂಗಲಕ್ಕೆ ಕರೆಸಿ, ಕಾಲೇಜಿನ ಮಕ್ಕಳಿಗೆ ನಾಟಕ ಕಲಿಸಲು ಹಚ್ಚಿದರು. ನಮ್ಮಲ್ಲಿ ಎಷ್ಟೋ ಮಂದಿ ಎದೆಯುಬ್ಬಿಸಿ ನಾಲ್ಕು ಜನರೆದುರು ನಿಂತು ಮಾತಾಡಲು ಕಲಿತದ್ದು ಆ ದಿನಗಳಲ್ಲೇ. ಮಹಾಂತಪ್ಪನವರ ಇಬ್ಬರು ಹೆಣ್ಣುಮಕ್ಕಳ ಮದುವೆಯಲ್ಲೂ ಅಕ್ಕೋರು ಮನೆಯವರಂತೆ ಓಡಾಡಿದರು.

ಆ ಪ್ರಕರಣದ ಬಳಿಕ ಅಕ್ಕೋರು ಕಿರುತೆರೆಗೆ ಮತ್ತೆ ಬರೆಯಲಿಲ್ಲ. ಕೇಳಿದವರಿಗೆ ಕಾಲೇಜಿನ ಕೆಲಸದ ನೆಪ ಹೇಳುತ್ತಿದ್ದರು. ಬೈಲಹೊಂಗಲದಿಂದ ಅವರನ್ನು ಎತ್ತಿಹಾಕುವ ಮಾತು ಮಾತಾಗಿಯೇ ಉಳಿಯಿತು. ಅಲ್ಲಿಯೇ ತಮ್ಮ ಸೇವೆಯ ಕೊನೆಯ ವರ್ಷಗಳನ್ನು, ಹಳ್ಳಿಗಳಿಂದ ಬರುವ ಹೆಣ್ಣುಮಕ್ಕಳಿಗೆ ಬಸ್ಸು ತಪ್ಪಿದರೆ ತಮ್ಮ ಮನೆಯಲ್ಲಿ ಉಣ್ಣಿಸಿ, ಓದಿಸಿ ಕಳಿಸುತ್ತ ಕಳೆದರು. ಆದರೂ ಇಂದಿಗೂ ಮನೆಯೆದುರು ಗಾಡಿ ನಿಂತರೆ ಒಂದು ಕ್ಷಣ ಕಿವಿಗೊಟ್ಟು ಕೇಳಿ, ಆಮೇಲೆ ಬಾಗಿಲು ತೆರೆಯುತ್ತಾರೆ. ಧೈರ್ಯವೆಂದರೆ ಹೆದರಿಕೆ ಇಲ್ಲದಿರುವುದೆಂದು ತಿಳಿದಿದ್ದ ನಮಗೆ ಅದು ಹಾಗಲ್ಲವೆಂದು ಪಾಠದಲ್ಲಿ ಅವರು ಹೇಳಲಿಲ್ಲ. ಅವರನ್ನು ನೋಡಿ ತಿಳಿದುಕೊಂಡೆವು.

ಮೊನ್ನೆ ಬೀಳ್ಕೊಡುಗೆಯ ಸಭೆಯಲ್ಲಿ ಸನ್ಮಾನ, ಶಾಲು, ಹಾರಗಳೆಲ್ಲ ಮುಗಿದು ಜನ ಚದುರುವಾಗ ಯಲ್ಲವ್ವ ಬಂದಳು. ಈಗ ತಲೆಯೆಲ್ಲ ಬೆಳ್ಳಗಾಗಿದೆ. ವೇದಿಕೆ ಹತ್ತಲು ಒಪ್ಪದೆ ಕೆಳಗೇ ನಿಂತು ಅಕ್ಕೋರನ್ನು ಕರೆದಳು.

‘ಇನ್ನ ಹೊತ್ತ ಸಿಗತೈತೆಲ್ರಿ ನಿಮಗ. ಇನ್ನೊಂದ ಕತಿ ಬರೀರಿ ಅಕ್ಕೋರ. ಆದರ ಅದರಾಗ ಯಾರೂ ಸಾಯಬಾರದ್ರಿ.’

‘ಯಾರೂ ಸಾಯಲಿಲ್ಲಂದ್ರ ಅದನ್ನ ಯಾರು ನೋಡತಾರವ್ವಾ?’ ಎಂದು ನಕ್ಕರು ಅಕ್ಕೋರು.

‘ನಾ ನೋಡತೇನ್ರಿ,’ ಅಂದಳು ಯಲ್ಲವ್ವ.

ಅಕ್ಕೋರು ಬರೆಯಲು ಕೂತಿದ್ದಾರೆಂದು ವೀರಪ್ಪನವರಿಂದ ಈಗಷ್ಟೇ ತಿಳಿದುಬಂದಿದೆ. ಅದನ್ನು ಬರೆದು ಮುಗಿಸುವಷ್ಟು, ಮುಗಿಸಿ ಮತ್ತೊಂದಕ್ಕೆ ಕೈಹಾಕುವಷ್ಟು ಆಯುಷ್ಯವೂ ಆರೋಗ್ಯವೂ ನೆಮ್ಮದಿಯೂ ನಮ್ಮ ಗಂಗಾ ಅಕ್ಕೋರಿಗೆ ಒದಗಲಿ. ಸಾಲಹಳ್ಳಿಯಲ್ಲಿ ಒಬ್ಬ ಪ್ರೇಕ್ಷಕಿ ಕಾದಿದ್ದಾಳೆ.